ಇಡೀ ರಾತ್ರಿಯ ಆಟವನ್ನು ಅಂಗೈಯಗಲದ ಪರದೆಗೆ ಇಳಿಸುವುದು

ನಮ್ಮ ಮನೆ ಪೆರ್ಲ ಪೇಟೆಯಿಂದ ಒಳಗೆ. ಮೊಬೈಲಿಗೆ ಸಿಗ್ನಲ್ ಬೇಕಾದರೆ ಅಂಗಳ ದಾಟಿ ಹಟ್ಟಿಯ ಪಕ್ಕ ಹೋಗಿ ನಿಲ್ಲಬೇಕು. ಯೂಟ್ಯೂಬಿನಲ್ಲಿ ಆಟ, ಅಂದರೆ ಯಕ್ಷಗಾನ, ನೋಡಲು ಕೂತರೆ ಕಾಣುವುದು ತಿರುಗುವ ಉರುಟು ಮಾತ್ರ. ಆದರೆ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುವಾಗ ಅಪ್ಪನಿಗೆ ಯಕ್ಷಗಾನ ಬೇಕೇ ಬೇಕು. ಟಿವಿ ಇರುವುದು ಒಳಗಿನ ಕೋಣೆಯಲ್ಲಿ. ಅಡಿಕೆ ರಾಶಿಯನ್ನು ಅಲ್ಲಿಗೆ ತರಲು ಅಮ್ಮ ಬಿಡುವುದಿಲ್ಲ.

ಮನೆಯಲ್ಲಿ ಎರಡು ವಸ್ತು ಸುಮ್ನೆ ಬಿದ್ದಿದ್ದವು. ಒಂದು, 2009ರಲ್ಲಿ ನಮ್ಮದೇ ಗದ್ದೆಯಲ್ಲಿ ಆದ ಹರಕೆಯಾಟದ ನಾಲ್ಕು ಡಿವಿಡಿ. ಇನ್ನೊಂದು, ದುಬೈಯಲ್ಲಿದ್ದ ಮಾವ ಆಗ ನನಗೆಂದು ತಂದ ಸೋನಿ ಪಿಎಸ್‌ಪಿ, ಕೈಯಲ್ಲಿ ಹಿಡಿದು ಗೇಮ್ ಆಡುವ, ವಿಡಿಯೊ ಕೂಡ ಓಡಿಸುವ ಯಂತ್ರ. ಗೇಮ್ ಆಡುವ ಪ್ರಾಯ ನನಗೆ ದಾಟಿದೆ. ಆದರೆ ಅದರ ಪರದೆ ಈಗಲೂ ಚೆನ್ನಾಗಿಯೇ ಉಂಟು: 4.3 ಇಂಚು, ಅಡ್ಡಕ್ಕೆ 480 ಪಿಕ್ಸೆಲ್, ಎತ್ತರಕ್ಕೆ 272. ಹೊಸ ಬ್ಯಾಟರಿ ಹಾಕಿದೆ, ಜೀವ ಬಂತು. ಡಿವಿಡಿಯ ಆಟವನ್ನು ಇದಕ್ಕೆ ಇಳಿಸಲು ಮೂರು ವಾರ ಒದ್ದಾಡಿದೆ. ಹಾಗೆ ಕಲಿತದ್ದು ಇಷ್ಟು. ನಿಮ್ಮಲ್ಲಿರುವುದು ಬೇರೆ ಪ್ಲೇಯರ್ ಆಗಿರಬಹುದು, ಇಳಿಸುವುದು ಸಿನಿಮಾ ಆಗಿರಬಹುದು. ಅಂಕೆಗಳು ಬದಲಾಗುತ್ತವೆ, ಕೆಲಸ ಹೆಚ್ಚುಕಡಿಮೆ ಇದೇ.

ಮೊದಲನೇ ದಿನ ನಾನು ಮಾಡಿದ್ದು ಶುದ್ಧ ಮಂಗಾಟ. ಡಿವಿಡಿಯ ಒಳಗಿದ್ದ ವಿಒಬಿ ಫೈಲಿನ ಹೆಸರಿನ ಬಾಲ ಕತ್ತರಿಸಿ ಎಂಪಿ4 ಅಂತ ಬರೆದೆ. ಪ್ಲೇಯರ್ ಮುಟ್ಟಿಯೂ ನೋಡಲಿಲ್ಲ. ಡಬ್ಬದ ಮೇಲೆ ಸಕ್ಕರೆ ಅಂತ ಚೀಟಿ ಅಂಟಿಸಿದರೆ ಒಳಗಿನ ಉಪ್ಪು ಸಕ್ಕರೆ ಆಗುತ್ತದಾ? ಎಂಪಿ4 ಅನ್ನುವುದು ಬರೀ ಡಬ್ಬ. ಡಿವಿಡಿಯ ಒಳಗಿರುವ ಚಿತ್ರ ಎಂಪೆಗ್-2 ಜಾತಿಯದ್ದು. ಪಿಎಸ್‌ಪಿಗೆ ಬೇಕಾದದ್ದು ಎಚ್.264 ಚಿತ್ರ, ಎಎಸಿ ಧ್ವನಿ. ನಿಮ್ಮ ಪ್ಲೇಯರಿನ ಜತೆ ಬಂದ ಪುಸ್ತಕದಲ್ಲಿ ಮೂರು ವಿಷಯ ಹುಡುಕಿ: ಡಬ್ಬ ಯಾವುದು, ಒಳಗಿನ ಜಾತಿ (ಕೋಡೆಕ್) ಯಾವುದು, ಪರದೆ ಎಷ್ಟು. ಇದು ಗೊತ್ತಿಲ್ಲದೆ ಕನ್ವರ್ಟ್ ಮಾಡಲು ಕೂತರೆ ರಾತ್ರಿಯಿಡೀ ಹಾಳು.

ನಾನು ಬಳಸಿದ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್. ದುಡ್ಡು ಕೊಡಬೇಕಾಗಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಡಿಸ್ಕನ್ನು ಡ್ರೈವಿನಲ್ಲಿಟ್ಟು ನೇರ ಕನ್ವರ್ಟ್ ಮಾಡಬೇಡಿ. ಅದರ ಒಳಗಿನ ವಿಡಿಯೊ ಟಿಎಸ್ ಫೋಲ್ಡರನ್ನು ಮೊದಲು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಆ ಫೋಲ್ಡರನ್ನು ಹ್ಯಾಂಡ್‌ಬ್ರೇಕಿನಲ್ಲಿ ತೆರೆಯಿರಿ. ಹಳೇ ಡಿಸ್ಕು ಓದುವಾಗ ಡ್ರೈವ್ ಮತ್ತೆ ಮತ್ತೆ ತಡವರಿಸುತ್ತದೆ. ನಮ್ಮ ಮೂರನೇ ಡಿಸ್ಕು ಕೊನೆಗೆ ಬರುವಾಗ ಕರ್ ಕರ್ ಅಂತ ಶುರು ಮಾಡಿತು, ಕೊನೆಯ 11 ನಿಮಿಷ ಬರಲೇ ಇಲ್ಲ. ಅಂಗಡಿಯಲ್ಲಿ ಸಿಗುವ ಸಿನಿಮಾ ಡಿವಿಡಿಗಳಿಗೆ ಸಾಮಾನ್ಯವಾಗಿ ಕಾಪಿ ಮಾಡದಂತೆ ಬೀಗ ಇರುತ್ತದೆ, ಹ್ಯಾಂಡ್‌ಬ್ರೇಕ್ ಅದನ್ನು ತೆರೆಯುವುದಿಲ್ಲ. ಮನೆಯ ಮದುವೆ, ಮನೆಯ ಆಟ ಇಂಥದ್ದಕ್ಕೆ ಆ ಕಿರಿಕಿರಿ ಇಲ್ಲ.

ಈಗ ಅಳತೆ. ಪರದೆ 480ಕ್ಕೆ 272 ಅಲ್ವಾ ಅಂತ ಅದೇ ಅಂಕೆ ಹಾಕಿದರೆ ಕೆಟ್ಟಿರಿ. 2009ರ ವಿಡಿಯೊ ಹಳೇ ಟಿವಿಯ ಆಕಾರದ್ದು, ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ಅದನ್ನು ಅಗಲದ ಪರದೆಗೆ ಎಳೆದರೆ ಸಪೂರದ ಸ್ತ್ರೀವೇಷ ಕೂಡ ರಾಕ್ಷಸನ ಹಾಗೆ ಉಬ್ಬುತ್ತದೆ. ಎತ್ತರ 272 ಇಟ್ಟುಕೊಂಡು ಲೆಕ್ಕ ಹಾಕಿದರೆ ಅಗಲ 362 ಚಿಲ್ಲರೆ. ನಾನು 360 ಹಾಕಿದೆ. ಡೈಮೆನ್ಶನ್ಸ್ ಅನ್ನುವ ಕಡೆ ಅನಮಾರ್ಫಿಕ್ ಅಂತ ಇರುತ್ತದೆ, ಅದನ್ನು ನನ್ (None) ಮಾಡಿ. ಎರಡು ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಈಗಿನ ಮೊಬೈಲಿನಲ್ಲಿ ಅಡ್ಡ ಹಿಡಿದು ತೆಗೆದ ವಿಡಿಯೊ ಆದರೆ ಧೈರ್ಯದಿಂದ 480ಕ್ಕೆ 272 ಹಾಕಬಹುದು. ತುಂಬ ಅಗಲದ ಸಿನಿಮಾ, ಅಂದರೆ ಎತ್ತರದ 2.39 ಪಾಲು ಅಗಲ ಇರುವಂಥದ್ದು, ಇಲ್ಲಿ 480ಕ್ಕೆ 200ರ ಒಂದು ಪಟ್ಟಿ ಆಗುತ್ತದೆ. ದೂರದ ಮುಖ ಗುರುತು ಸಿಗುವುದಿಲ್ಲ. ಅಂಥ ಸಿನಿಮಾಕ್ಕೆ ನಾನು ಎರಡು ಬದಿಯಿಂದ ಸ್ವಲ್ಪ ಸ್ವಲ್ಪ ಕತ್ತರಿಸುತ್ತೇನೆ, ಶುದ್ಧವಾದಿಗಳು ಬೈಯಲಿ.

ಕತ್ತರಿಸುವ ವಿಷಯ ಬಂತಲ್ಲ, ಕ್ರಾಪಿಂಗ್ ಆಟೋಮ್ಯಾಟಿಕ್ ಇದ್ದರೆ ನನ್ ಮಾಡಿಬಿಡಿ. ರಾತ್ರಿ ಬಯಲಿನಲ್ಲಿ ತೆಗೆದ ವಿಡಿಯೊದಲ್ಲಿ ರಂಗಸ್ಥಳದ ಮೇಲೆ ಬರೀ ಕತ್ತಲೆ. ಅದನ್ನು ಕಪ್ಪು ಪಟ್ಟಿ ಅಂತ ತಿಳಿದು ಯಂತ್ರ ತೆಗೆದುಹಾಕಬಹುದು. ನನಗೆ ಒಮ್ಮೆ ಕಿರೀಟದ ತುದಿ ಹೋದದ್ದು ಹೀಗೆ.

ಫಿಲ್ಟರ್ಸ್ ಅನ್ನುವಲ್ಲಿ ಒಂದೇ ಒಂದು ಮುಖ್ಯ: ಡಿಇಂಟರ್ಲೇಸ್. ಹಳೇ ಕ್ಯಾಮೆರಾಗಳು ಒಂದು ಚಿತ್ರವನ್ನು ಎರಡು ಅರ್ಧ ಮಾಡಿ, ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಬೇರೆ ಬೇರೆ ಕ್ಷಣದಲ್ಲಿ ಹಿಡಿಯುತ್ತಿದ್ದವು. ವೇಷಧಾರಿ ನಿಂತು ಮಾತಾಡುವಾಗ ಏನೂ ಗೊತ್ತಾಗುವುದಿಲ್ಲ. ಧಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹೊಡೆದ ತಕ್ಷಣ ಕೈಕಾಲಿನ ಅಂಚೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ಡಿಇಂಟರ್ಲೇಸ್ ಪಟ್ಟಿಯಲ್ಲಿ ಡೀಕೋಂಬ್ ಆರಿಸಿದರೆ ಅದು ಹೋಗುತ್ತದೆ. ಮೊಬೈಲಿನ ವಿಡಿಯೊಗೆ ಇದು ಬೇಡ.

ವಿಡಿಯೊ ಅನ್ನುವ ಪುಟದಲ್ಲಿ ಎನ್‌ಕೋಡರ್ ಎಚ್.264, ಪ್ರೊಫೈಲ್ ಬೇಸ್‌ಲೈನ್, ಲೆವೆಲ್ 3.0. ಚಿಕ್ಕ ಯಂತ್ರದ ತಲೆಗೆ ಜಾಸ್ತಿ ಕಸರತ್ತು ಕೊಡದಿರಲು ಇಷ್ಟು. ಫ್ರೇಮ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು, ಮೂಲದಲ್ಲಿ ಇದ್ದಷ್ಟೇ ಇರಲಿ, ಆದರೆ ಕಾನ್‌ಸ್ಟಂಟ್ ಅನ್ನುವುದಕ್ಕೆ ಗುರುತು ಹಾಕಿ. ಮೊಬೈಲು ಬೆಳಕು ನೋಡಿ ಫ್ರೇಮ್‌ರೇಟ್ ಏರಿಸುತ್ತದೆ, ಇಳಿಸುತ್ತದೆ. ಹಾಗೇ ಬಿಟ್ಟರೆ ಚಿಕ್ಕ ಪ್ಲೇಯರಿನಲ್ಲಿ ಬರಬರುತ್ತಾ ಮಾತು ಮುಂದೆ, ಬಾಯಿ ಹಿಂದೆ ಆಗಬಹುದು.

ಗುಣಮಟ್ಟಕ್ಕೆ ಆರ್‌ಎಫ್ ಅಂತ ಒಂದು ಅಂಕೆ. ಇದು ಉಲ್ಟಾ: ಅಂಕೆ ಇಳಿದಷ್ಟೂ ಚಿತ್ರ ಚೆಂದ, ಫೈಲ್ ದೊಡ್ಡದು. ನಾನು ಕೊನೆಗೆ ನಿಂತದ್ದು 22ಕ್ಕೆ. ಅದಕ್ಕೆ ಮೊದಲು ಒಂದು ದೊಡ್ಡ ಪೆಟ್ಟು ತಿಂದಿದ್ದೇನೆ.

ಆಗ ನಾನು ಆರ್‌ಎಫ್ ಅಲ್ಲ, ಆವರೇಜ್ ಬಿಟ್‌ರೇಟ್ ಅನ್ನುವುದನ್ನು ಆರಿಸಿ 350 ಹಾಕಿದ್ದೆ, ಅಂದರೆ ಒಂದು ಸೆಕೆಂಡಿನ ಚಿತ್ರಕ್ಕೆ 350 ಕಿಲೋಬಿಟ್ (ಕೆಬಿಪಿಎಸ್). ಜಾಗ ಉಳಿಸುವ ಆಸೆ. ಪರೀಕ್ಷೆಗೆ ಆಟದ ಮೊದಲ ಎರಡು ನಿಮಿಷ ಕನ್ವರ್ಟ್ ಮಾಡಿ ನೋಡಿದೆ. ಚೆಂಡೆಯವರು, ಮದ್ದಳೆಯವರು, ಭಾಗವತರು, ಹಿಂದೆ ಒಂದು ಪರದೆ, ಅಲ್ಲಾಡುವುದು ಕೈ ಮಾತ್ರ. ಕನ್ನಡಿಯ ಹಾಗಿತ್ತು. ಖುಷಿಯಲ್ಲಿ ಇಡೀ ರಾತ್ರಿಯ ಆಟ ಹಾಕಿ ಮಲಗಿದೆ. ಮರುದಿನ ಅಪ್ಪನ ಜತೆ ಕೂತು ನೋಡಿದರೆ, ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡಿದು ಬರುತ್ತಾನೆ, ರಾಳದ ಹುಡಿ ಎರಚುತ್ತಾರೆ, ಬೆಂಕಿ ಭಗ್ ಅನ್ನುತ್ತದೆ, ಅಷ್ಟೇ. ಪರದೆ ತುಂಬ ಚೌಕ ಚೌಕ. ಮಹಿಷ ಎಲ್ಲಿ, ಜನ ಎಲ್ಲಿ, ಒಂದೂ ಗೊತ್ತಿಲ್ಲ. ಅಪ್ಪ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಕಾರಣ ಇಷ್ಟೇ. ಈ ಕಂಪ್ರೆಶನ್ ಜಾಗ ಉಳಿಸುವುದು ಹಿಂದಿನ ಚಿತ್ರಕ್ಕೂ ಈಗಿನದ್ದಕ್ಕೂ ಬದಲಾದಷ್ಟನ್ನೇ ಬರೆದಿಟ್ಟು. ನಿಂತು ಅರ್ಥ, ಅಂದರೆ ಸಂಭಾಷಣೆ, ಹೇಳುವಾಗ ಬದಲಾಗುವುದು ತುಟಿ, ಕೈ. ಮಹಿಷ ಬರುವಾಗ ಬೆಂಕಿ, ಹೊಗೆ, ಜನ, ಕ್ಯಾಮೆರಾದವನ ಕೈ ಎಲ್ಲವೂ ಒಟ್ಟಿಗೆ ಅಲ್ಲಾಡುತ್ತದೆ. 350ರಲ್ಲಿ ಅದನ್ನು ಬರೆಯಲು ಜಾಗ ಸಾಲುವುದಿಲ್ಲ. ಆರ್‌ಎಫ್ ಹಾಕಿದರೆ ಮಾತಿನ ಹೊತ್ತಿಗೆ ಕಡಿಮೆ, ಬೆಂಕಿಯ ಹೊತ್ತಿಗೆ ಜಾಸ್ತಿ ಅಂತ ಅದೇ ಹಂಚಿಕೊಳ್ಳುತ್ತದೆ. ಹಾಗಾಗಿ ಪರೀಕ್ಷೆ ಮಾಡುವುದಿದ್ದರೆ ಆಟದ ಅತಿ ಕಷ್ಟದ ಎರಡು ನಿಮಿಷ ಆರಿಸಿ. ಹ್ಯಾಂಡ್‌ಬ್ರೇಕಿನಲ್ಲಿ ರೇಂಜ್ ಅನ್ನುವ ಕಡೆ ಸೆಕೆಂಡ್ಸ್ ಇಟ್ಟು, ಎಲ್ಲಿಂದ ಎಲ್ಲಿವರೆಗೆ ಅಂತ ಸಮಯ ಕೊಟ್ಟರೆ ಅಷ್ಟೇ ತುಂಡು ಬರುತ್ತದೆ. ಸಿನಿಮಾ ಆದರೆ ಮಳೆಯಲ್ಲಿ ನಡೆಯುವ ಹೊಡೆದಾಟ ಹುಡುಕಿ. ಅದನ್ನು ಕಂಪ್ಯೂಟರಿನಲ್ಲಿ ಅಲ್ಲ, ಆ ಚಿಕ್ಕ ಪರದೆಯಲ್ಲೇ ನೋಡಿ.

ಇನ್ನು ಧ್ವನಿ. ನನ್ನ ಪ್ರಕಾರ ಚಿತ್ರಕ್ಕಿಂತ ಇದೇ ಮುಖ್ಯ. ಅಡಿಕೆ ಸುಲಿಯುವವರ ಕಣ್ಣು ಕತ್ತಿಯ ಮೇಲೆ ಇರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಆಟ ನಡೆಯುವುದು ಕಿವಿಯಲ್ಲಿ. ಮೊದಲ ಸಲ ನಾನು ಜಿಪುಣತನದಿಂದ 48 ಕೆಬಿಪಿಎಸ್ ಮೋನೋ ಹಾಕಿದ್ದೆ. ಚಕ್ರತಾಳದ ನಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿತು. ಈಗ ಎಎಸಿ 128, ಸ್ಟೀರಿಯೊ. ಲೆಕ್ಕ ಹಾಕಿ ನೋಡಿ: 128ರಿಂದ 48ಕ್ಕೆ ಇಳಿಸಿದರೆ ಎಂಟು ಗಂಟೆಗೆ ಉಳಿಯುವುದು 300 ಎಂಬಿಗೂ ಕಡಿಮೆ. ಅಷ್ಟಕ್ಕೆ ಭಾಗವತರ ಸ್ವರ ಕೊಲ್ಲಬೇಕಾ?

ಆಮೇಲೂ ಅಪ್ಪನ ತಕರಾರು ಮುಗಿಯಲಿಲ್ಲ. "ಚೆಂಡೆ ಕಿವಿಗೆ ಕುಟ್ಟುತ್ತದೆ, ಅರ್ಥ ಹೇಳುವುದು ಬಾವಿಯೊಳಗಿಂದ ಕೇಳಿದ ಹಾಗೆ. ಎಂತ ಮಾಡಿದ್ದು ಮಾರಾಯ ನೀನು?" ನಾನು ಮಾಡಿದ್ದಲ್ಲ, ಮೂಲದಲ್ಲೇ ಹಾಗಿತ್ತು. ಮೈಕ್ ಚೆಂಡೆಯ ಹತ್ತಿರ ಇದ್ದಿರಬೇಕು. ಇದಕ್ಕೆ ಆಡಿಯೊ ಪುಟದಲ್ಲಿ ಡಿಆರ್‌ಸಿ ಅಂತ ಒಂದು ಅಂಕೆ ಉಂಟು. ಅದು ಜೋರಿನ ಸದ್ದನ್ನೂ ಮೆಲ್ಲನೆಯದ್ದನ್ನೂ ಹತ್ತಿರ ತರುತ್ತದೆ. ನಾನು 2.0 ಹಾಕಿದೆ, ಮಾತು ಮೇಲೆ ಬಂತು. ಆದರೆ ಮೂಲದ ಧ್ವನಿ ಎಸಿ3 ಜಾತಿಯದ್ದಾಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಡಿವಿಡಿಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಪಕ್ಕದಲ್ಲೇ ಗೇನ್ ಅಂತ ಇನ್ನೊಂದು ಇರುತ್ತದೆ, ಅದನ್ನು ಏರಿಸಿದರೆ ಚೆಂಡೆಯೂ ಏರಿ ಒಡೆಯುತ್ತದೆ. ಅದನ್ನು ಮುಟ್ಟಬೇಡಿ.

ಎಂಟು ಗಂಟೆಯ ಆಟವನ್ನು ಒಂದೇ ಫೈಲ್ ಮಾಡಬೇಡಿ. ಗಂಟೆಗೊಂದರಂತೆ ಎಂಟು ಮಾಡಿ, ಎಲ್ಲವನ್ನೂ ಕ್ಯೂಗೆ ಸೇರಿಸಿ ಮಲಗಿ. ಇದಕ್ಕೆ ಕಾರಣ ನಮ್ಮೂರಿನ ಕರೆಂಟು. ಎಂಪಿ4 ಫೈಲಿನ ಸೂಚಿ, ಅಂದರೆ ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿ, ಬರೆಯುವುದು ಕಟ್ಟಕಡೆಗೆ. ಏಳೂವರೆ ಗಂಟೆ ಆದ ಮೇಲೆ ಕರೆಂಟು ಹೋಗಿ ಲ್ಯಾಪ್‌ಟಾಪ್ ಬಿದ್ದರೆ ಅಷ್ಟೂ ದಂಡ, ಫೈಲ್ ಇರುತ್ತದೆ, ತೆರೆಯುವುದಿಲ್ಲ. ಆಷಾಢದಲ್ಲಿ ನನಗೆ ಎರಡು ಸಲ ಹೀಗಾಯಿತು. ತುಂಡು ಮಾಡಿದರೆ ಹೋಗುವುದು ಒಂದು ತುಂಡು. ಅಪ್ಪನಿಗೂ ನಿನ್ನೆ ಎಲ್ಲಿಗೆ ನಿಲ್ಲಿಸಿದ್ದು ಅಂತ ಹುಡುಕಲು ಸುಲಭ. ಲ್ಯಾಪ್‌ಟಾಪ್ ನಿದ್ದೆಗೆ ಹೋಗುವ ಸೆಟ್ಟಿಂಗ್ ತೆಗೆದಿಡಿ.

ನನ್ನ ಆಟ ಗಂಟೆಗೆ ಸುಮಾರು 300 ಎಂಬಿ ಬಂತು, ಇಡೀ ರಾತ್ರಿಗೆ 2.4 ಜಿಬಿ. ಕಾರ್ಡಿನಲ್ಲಿ ಜಾಗ ಕಡಿಮೆ ಇದ್ದು ಅಳೆದೇ ಹಾಕಬೇಕು ಅನ್ನುವವರಿಗೆ ಲೆಕ್ಕ: ಚಿತ್ರದ ಬಿಟ್‌ರೇಟ್, ಧ್ವನಿಯ ಬಿಟ್‌ರೇಟ್ ಕೂಡಿಸಿ, ಎಂಟರಿಂದ ಭಾಗಿಸಿ, 3600ರಿಂದ ಗುಣಿಸಿ. ಬಂದದ್ದು ಕೆಬಿ, ಸಾವಿರದಿಂದ ಭಾಗಿಸಿದರೆ ಎಂಬಿ. 500ಕ್ಕೆ 128 ಸೇರಿದರೆ ಗಂಟೆಗೆ 280 ಎಂಬಿಯ ಆಸುಪಾಸು.

ಪಿಎಸ್‌ಪಿಗೆ ಬೇಕಾದ ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ ಈಗ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮೈಕ್ರೊ ಎಸ್‌ಡಿ ಕಾರ್ಡನ್ನು ಒಳಗೆ ತೂರಿಸುವ ಅಡಾಪ್ಟರ್ ಸಿಗುತ್ತದೆ, ನನ್ನದು ಅದೇ, 16 ಜಿಬಿ. ಆರು ಆಟ ಹಿಡಿಯುತ್ತದೆ. ಅಗ್ಗಕ್ಕೆ ಸಿಗುವ ದೊಡ್ಡ ಕಾರ್ಡಿಗೆ ಮರುಳಾಗಬೇಡಿ. 64 ಅಂತ ಬರೆದು ಒಳಗೆ 8 ಇರುವ ಕಾರ್ಡು ನನ್ನ ಕೈಗೂ ಬಂದಿದೆ. ಎಚ್2ಟೆಸ್ಟ್‌ಡಬ್ಲ್ಯು ಅಂತ ಒಂದು ಪುಟ್ಟ ಸಾಫ್ಟ್‌ವೇರ್ ಉಂಟು, ಕಾರ್ಡು ತುಂಬ ಬರೆದು, ಮತ್ತೆ ಓದಿ ಬಣ್ಣ ಬಯಲು ಮಾಡುತ್ತದೆ. ಕಾರ್ಡನ್ನು ಪ್ಲೇಯರಿನಲ್ಲೇ ಫಾರ್ಮ್ಯಾಟ್ ಮಾಡಿ. ಯುಎಸ್‌ಬಿ ಸಿಕ್ಕಿಸಿ ವಿಡಿಯೊ ಅನ್ನುವ ಫೋಲ್ಡರಿಗೆ ಹಾಕಿ. ಫೋಲ್ಡರಿನ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಇರಲಿ. ಫೈಲಿನ ಹೆಸರು 01, 02 ಅಂತ ಅಂಕೆಯೇ ಸಾಕು, ಕನ್ನಡದಲ್ಲಿ ಬರೆದರೆ ಅದಕ್ಕೆ ಓದಲು ಬರುವುದಿಲ್ಲ.

ಕನ್ನಡ ಸಬ್‌ಟೈಟಲಿಗೂ ಇದೇ ಕಷ್ಟ. ಅದನ್ನು ಬೇರೆ ಫೈಲಾಗಿ ಬಿಡದೆ ಚಿತ್ರದ ಮೇಲೆಯೇ ಅಚ್ಚೊತ್ತಿಸಬೇಕು. ಸಬ್‌ಟೈಟಲ್ಸ್ ಪುಟದಲ್ಲಿ ಬರ್ನ್ ಇನ್ ಅಂತ ಇರುವುದು ಅದಕ್ಕೇ. ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿರಬೇಕು. ಒತ್ತಕ್ಷರ ಸರಿ ಕೂತಿದೆಯಾ ಅಂತ ಒಂದು ತುಂಡು ಮಾಡಿ ನೋಡಿ.

ಸಾದಾ ಕೀಪ್ಯಾಡ್ ಫೋನಿಗೂ ಇಳಿಸಿ ಕೊಟ್ಟಿದ್ದೇನೆ, ನಮ್ಮಲ್ಲಿ ಕೆಲಸಕ್ಕೆ ಬರುವ ಇಬ್ಬರು ಕೇಳಿದರು ಅಂತ. ಅಳತೆ 320ಕ್ಕೆ 240, ಎನ್‌ಕೋಡರ್ ಎಚ್.264 ಬದಲು ಎಂಪೆಗ್-4, ಫ್ರೇಮ್‌ರೇಟ್ 15. ಧಿಗಿಣ ಸ್ವಲ್ಪ ಮುಗ್ಗರಿಸುತ್ತದೆ, ಓಡುವುದಂತೂ ಓಡುತ್ತದೆ. ತಾಳಮದ್ದಳೆಗೆ ಇಷ್ಟೆಲ್ಲ ಬೇಡವೇ ಬೇಡ. ವೇಷ ಇಲ್ಲ, ಕುಣಿತ ಇಲ್ಲ, ಚಿತ್ರ ಯಾಕೆ? ವಿಎಲ್‌ಸಿಯಲ್ಲಿ ಕನ್ವರ್ಟ್ ಅಂತ ಕೊಟ್ಟು ಎಂಪಿ3 ಆರಿಸಿ, ಧ್ವನಿ ಮಾತ್ರ ತೆಗೆದುಕೊಡಿ.

ಎಲ್ಲ ಆದ ಮೇಲೆ ಮೂಲದ ಫೋಲ್ಡರುಗಳನ್ನು ಅಳಿಸಬೇಡಿ. ಚಿಕ್ಕದರಿಂದ ಮತ್ತೆ ದೊಡ್ಡದು ಮಾಡಲು ಬರುವುದಿಲ್ಲ. ನಮ್ಮ ನಾಲ್ಕು ಡಿಸ್ಕಿನದ್ದು ಹಾರ್ಡ್‌ಡಿಸ್ಕಿನಲ್ಲಿ ಉಂಟು, ಆ 11 ನಿಮಿಷ ಬಿಟ್ಟು. ಅಪ್ಪನಿಗೆ ಈಗ ಬೇಕಾದದ್ದು ಅದೇ. ಆಗ ವಿಡಿಯೊ ತೆಗೆದವರ ಹತ್ತಿರ ಟೇಪು ಇರಬಹುದು ಅಂತ ಅವರ ಲೆಕ್ಕ. ಬರುವ ಆದಿತ್ಯವಾರ ಬದಿಯಡ್ಕಕ್ಕೆ ಹೋಗಿ ಕೇಳಬೇಕು.