ಹಳೇ ಕಾರಿನ ಎಂಜಿನ್ ‘ಟಿಕ್ ಟಿಕ್’ ಅನ್ನುತ್ತಿದೆಯೇ? ಬಿಚ್ಚಿಸುವ ಮೊದಲು ಹೀಗೆ ಪತ್ತೆ ಹಚ್ಚಿ

ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಕಾರು. ಓಡಾಟಕ್ಕೆ ತೊಂದರೆ ಇಲ್ಲ, ಮೈಲೇಜೂ ಪರವಾಗಿಲ್ಲ. ಆದರೆ ಬಾನೆಟ್ ಒಳಗಿಂದ ಬಿಡದೆ ಟಿಕ್ ಟಿಕ್ ಸದ್ದು. ಗ್ಯಾರೇಜಿನಲ್ಲಿ ಒಬ್ಬರು ‘ಟ್ಯಾಪೆಟ್ ಸೌಂಡ್ ಅಷ್ಟೇ, ಬಿಡಿ’ ಅನ್ನುತ್ತಾರೆ. (ಟ್ಯಾಪೆಟ್ ಅಂದರೆ ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳನ್ನು ಒತ್ತಿ ತೆರೆಯುವ ಭಾಗ.) ಇನ್ನೊಬ್ಬರು ‘ಎಂಜಿನ್ ಕೆಲಸ ಬಂದಿದೆ ಸಾರ್’ ಎಂದು ತಲೆ ಅಲ್ಲಾಡಿಸುತ್ತಾರೆ. ಮೊದಲನೆಯದು ಸಣ್ಣ ಕೆಲಸ. ಎರಡನೆಯದಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಹದಿನೈದು ವರ್ಷ ದಾಟಿ, ಆರ್‌ಸಿ ನವೀಕರಿಸಿಕೊಂಡು ಇನ್ನೂ ಓಡಿಸುತ್ತಿರುವ ಮಾರುತಿ 800, ಜೆನ್, ವ್ಯಾಗನ್ ಆರ್, ಸ್ಯಾಂಟ್ರೋ ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅವುಗಳ ಮಾಲೀಕರು ಸದ್ದು ಎಲ್ಲಿಂದ ಬರುತ್ತಿದೆ ಎಂದು ತಾವೇ ಒಂದು ಮಟ್ಟಿಗೆ ತಿಳಿದುಕೊಂಡು ಗ್ಯಾರೇಜಿಗೆ ಹೋಗುವುದು ಒಳ್ಳೆಯದು. ಅದಕ್ಕೆ ಎಂಜಿನ್ ಬಿಚ್ಚಬೇಕಾಗಿಲ್ಲ. ಸುಲಭದ್ದನ್ನು ಮೊದಲು ನೋಡಿ, ಖರ್ಚಿನದನ್ನು ಕೊನೆಗೆ ಇಟ್ಟುಕೊಂಡರೆ ಸಾಕು.

ಶುರು ಮಾಡುವ ಮುನ್ನ ಒಂದು ಮಾತು. ಎಂಜಿನ್ ಓಡುವಾಗ ಬಾನೆಟ್ ಒಳಗೆ ಬಗ್ಗುವವರು ಸೀರೆ ಸೆರಗು, ದುಪಟ್ಟಾ, ಪಂಚೆ ತುದಿ, ಉದ್ದ ತೋಳು, ಕೊರಳ ಸರ ಎಲ್ಲವನ್ನೂ ಬಿಗಿ ಮಾಡಿಕೊಳ್ಳಬೇಕು. ಬೆಲ್ಟ್ ಸೆಳೆದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ. ಈ ಪರೀಕ್ಷೆಗಳನ್ನೆಲ್ಲ ಬಯಲಲ್ಲೇ ಮಾಡಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಕುತ್ತು ತರುತ್ತದೆ.

ಮೊದಲು ಆಯಿಲ್

ಟಿಕ್ ಸದ್ದಿನ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿದುಹೋಗುತ್ತವೆ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು, ಮೇಲಿನ ಗುರುತಿಗೆ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಹಳೇ ಎಂಜಿನ್‌ಗಳು ಒಂದಷ್ಟು ಆಯಿಲ್ ಕುಡಿಯುತ್ತವೆ. ಒಂದು ಸರ್ವಿಸ್‌ನಿಂದ ಇನ್ನೊಂದು ಸರ್ವಿಸ್‌ವರೆಗೆ ಡಿಪ್‌ಸ್ಟಿಕ್ ಮುಟ್ಟದೇ ಇರುವ ಅಭ್ಯಾಸ ಹೊಸ ಕಾರಿಗೆ ನಡೆದೀತು, ಇವಕ್ಕೆ ನಡೆಯುವುದಿಲ್ಲ.

ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಬದಿ ನೋಡಿ. ಕಂದು ಬಣ್ಣದ ತೆಳು ಪದರ ಇದ್ದರೆ ಚಿಂತೆ ಇಲ್ಲ. ಕಪ್ಪಗೆ ದಪ್ಪಗೆ ಜಿಡ್ಡು ಮೆತ್ತಿಕೊಂಡಿದ್ದರೆ ಅದೇ ಜಿಡ್ಡು ಒಳಗಿನ ಸಣ್ಣ ಆಯಿಲ್ ದಾರಿಗಳಲ್ಲೂ ಕೂತಿದೆ ಅಂತಲೇ ಅರ್ಥ. ವಾಲ್ವ್‌ಗಳ ಭಾಗ ಎಂಜಿನ್ನಿನ ತುತ್ತತುದಿಯಲ್ಲಿದೆ. ಆಯಿಲ್ ಅಲ್ಲಿಗೆ ಎಲ್ಲಕ್ಕಿಂತ ಕೊನೆಗೆ ತಲುಪುತ್ತದೆ. ಹಾಗಾಗಿ ಆಯಿಲ್ ಕಡಿಮೆಯಾದರೆ ಮೊದಲು ಕೂಗುವುದೂ ಅದೇ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರ್ನಾಲ್ಕು ಸೆಕೆಂಡ್ ಕಟಕಟ ಎಂದು ಆಮೇಲೆ ಸುಮ್ಮನಾಗುತ್ತದೆಯೇ? ಆಯಿಲ್ ಫಿಲ್ಟರ್ ಮೇಲೆ ಅನುಮಾನ ಪಡಿ. ಒಳ್ಳೆಯ ಫಿಲ್ಟರ್ ಒಳಗೆ ರಬ್ಬರಿನ ಒಂದು ಸಣ್ಣ ವಾಲ್ವ್ ಇರುತ್ತದೆ. ಎಂಜಿನ್ ನಿಂತಾಗ ಆಯಿಲ್ ವಾಪಸ್ ಕೆಳಗೆ ಇಳಿದುಹೋಗದಂತೆ ಅದು ತಡೆಯುತ್ತದೆ. ಕಳಪೆ ಫಿಲ್ಟರ್‌ನಲ್ಲಿ ಆ ರಬ್ಬರ್ ಬೇಗ ಗಟ್ಟಿಯಾಗಿ, ರಾತ್ರಿಯಿಡೀ ಆಯಿಲ್ ಇಳಿದುಹೋಗುತ್ತದೆ. ಬೆಳಿಗ್ಗೆ ಮೊದಲ ಕೆಲವು ಸೆಕೆಂಡ್ ಎಂಜಿನ್ ಒಣಗಿಕೊಂಡೇ ತಿರುಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಿರಲಿ, ಫಿಲ್ಟರ್ ವಿಷಯದಲ್ಲಿ ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ. ಅಸಲಿ ಕಂಪನಿ ಫಿಲ್ಟರ್ ಮತ್ತು ಕಾರಿನ ಕೈಪಿಡಿಯಲ್ಲಿ ಬರೆದಿರುವ ಗ್ರೇಡಿನ ಆಯಿಲ್ ಹಾಕಿಸಿ. ಸದ್ದು ಹೋಯಿತೋ, ಕೆಲಸ ಮುಗಿಯಿತು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನೂ ಗಮನಿಸಿ. ಅದು ಸಾಮಾನ್ಯವಾಗಿ ತೋರಿಸುವುದು ಆಯಿಲ್ ಎಷ್ಟಿದೆ ಎಂದಲ್ಲ, ಆಯಿಲ್ ಪ್ರೆಶರ್ ಬಿದ್ದುಹೋಗಿದೆ ಎಂದು. ಟಿಕ್ ಸದ್ದಿನ ಜೊತೆಗೆ ಈ ದೀಪವೂ ಮಿಣುಕುತ್ತಿದ್ದರೆ ತಕ್ಷಣ ಎಂಜಿನ್ ಆಫ್ ಮಾಡಿ. ಮುಂದಿನ ಯಾವ ಪರೀಕ್ಷೆಯೂ ಬೇಡ.

ಯಾವಾಗ ಬರುತ್ತದೆ?

ಆಯಿಲ್ ಸರಿಯಿದ್ದೂ ಸದ್ದು ಉಳಿದರೆ, ಎರಡು ದಿನ ಬರೀ ಕೇಳಿಸಿಕೊಳ್ಳಿ. ತಣ್ಣಗಿದ್ದಾಗ ಜಾಸ್ತಿಯಾಗಿದ್ದು, ಬಿಸಿಯಾದ ಮೇಲೆ ಕಡಿಮೆಯಾದರೆ ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಕೊಳವೆ) ಎಂಜಿನ್ನಿಗೆ ಸೇರುವಲ್ಲಿನ ಗ್ಯಾಸ್ಕೆಟ್ ಲೀಕ್ ಇರಬಹುದು. ಲೋಹ ಬಿಸಿಗೆ ಹಿಗ್ಗಿ ಸಂದು ಮುಚ್ಚುತ್ತದೆ, ಸದ್ದೂ ನಿಲ್ಲುತ್ತದೆ. ಸವೆದ ಪಿಸ್ಟನ್ನೂ ತಣ್ಣಗಿದ್ದಾಗ ಹೀಗೇ ಬಡಿಯುತ್ತದೆ, ಆದರೆ ಆ ಸದ್ದು ಮಂಕು. ಇದಕ್ಕೆ ವ್ಯತಿರಿಕ್ತವಾಗಿ, ತಣ್ಣಗಿದ್ದಾಗ ಏನೂ ಇಲ್ಲದೆ ಅರ್ಧ ಗಂಟೆ ಓಡಿಸಿದ ಮೇಲೆ ಶುರುವಾದರೆ ಜಾಗ್ರತೆ. ಬಿಸಿಗೆ ಆಯಿಲ್ ತೆಳುವಾಗಿ ಪ್ರೆಶರ್ ಇಳಿಯುತ್ತಿದೆ. ಬೇರಿಂಗ್ ಅಥವಾ ಆಯಿಲ್ ಪಂಪ್ ಸವೆದಿರಬಹುದು.

ಏರು ಹತ್ತುವಾಗ ಮಾತ್ರ ಕಟಕಟ ಕೇಳಿಸಿ, ಆಕ್ಸಿಲರೇಟರ್ ಬಿಟ್ಟರೆ ನಿಂತುಹೋದರೆ ಅದು ಬಹುತೇಕ ಪಿಂಗಿಂಗ್. ಪೆಟ್ರೋಲ್ ಸರಿಯಾಗಿ ಉರಿಯದೆ ಸಿಡಿಯುತ್ತಿದೆ. ಅದಕ್ಕೆ ಇಗ್ನಿಷನ್ ಟೈಮಿಂಗ್ ಮತ್ತು ಪಿಸ್ಟನ್ ಮೇಲೆ ಕೂತ ಕಾರ್ಬನ್ ನೋಡಿಸಬೇಕು. ಮಳೆಗಾಲದಲ್ಲಿ ಮಾತ್ರ ಚಟ್ ಚಟ್ ಅನ್ನುತ್ತದೆಯೇ? ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು, ಕೈ ಹಾಕದೆ ನೋಡಿ. ಪ್ಲಗ್ ವಯರ್‌ನಿಂದ ಎಂಜಿನ್ ಕಡೆಗೆ ನೀಲಿ ಕಿಡಿ ಹಾರುವುದು ಕಂಡರೆ ವಯರ್ ಸೆಟ್ ಬದಲಿಸಿ.

ಎಷ್ಟು ವೇಗ? ಮೊಬೈಲಿನಲ್ಲಿ ಎಣಿಸಿ

ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು. ಖರ್ಚಿಲ್ಲ, ಅಪಾಯವಿಲ್ಲ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ, ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ. ಒಂದು ವಾಲ್ವ್‌ನಿಂದ ಬರುವ ಸದ್ದು ಕ್ಯಾಮ್ ಸುತ್ತಿಗೆ ಒಂದು ಸಲ ಮಾತ್ರ. ಕೆಳಗೆ, ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬಿಗ್ ಎಂಡ್ ಬೇರಿಂಗ್ ಬಡಿತ ಸಾಮಾನ್ಯವಾಗಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ.

ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಅನ್ನಿ. ಮೊಬೈಲಿನಲ್ಲಿ ಐದು ಸೆಕೆಂಡ್ ಸದ್ದು ರೆಕಾರ್ಡ್ ಮಾಡಿ. ನಿಧಾನ ಮಾಡಿ ಕೇಳಿಸುವ ಯಾವುದಾದರೂ ಆ್ಯಪ್‌ನಲ್ಲಿ ಹಾಕಿ ಎಣಿಸಿ. ಸುಮಾರು 33 ಟಿಕ್ ಬಂದರೆ ವಾಲ್ವ್ ಕಡೆಯದು. 66ರ ಹತ್ತಿರ ಬಂದರೆ ಕೆಳಗಿನದು ಎಂದು ಅನುಮಾನ ಪಡಬಹುದು. ಒಂದೇ ಸಿಲಿಂಡರಿನ ಎಗ್ಸಾಸ್ಟ್ ಲೀಕ್ ಕೂಡ 33ರ ಗುಂಪಿಗೇ ಸೇರುತ್ತದೆ. ಎರಡು ಮೂರು ಟ್ಯಾಪೆಟ್ ಒಟ್ಟಿಗೆ ಸಡಿಲವಾಗಿದ್ದರೆ ಎಣಿಕೆ ಏರುತ್ತದೆ. ಹಾಗಾಗಿ ಬರೀ ಈ ಲೆಕ್ಕ ನಂಬಿ ತೀರ್ಮಾನಕ್ಕೆ ಬರಬೇಡಿ. ಮುಂದಿನ ಪರೀಕ್ಷೆಯ ಜೊತೆ ತಾಳೆ ನೋಡಿ.

ಎಲ್ಲಿಂದ ಬರುತ್ತದೆ?

ಮೆಕ್ಯಾನಿಕ್‌ಗಳ ಸ್ಟೆತಸ್ಕೋಪ್ ಸಿಕ್ಕರೆ ಸರಿ. ಇಲ್ಲದಿದ್ದರೆ ಉದ್ದ ಸ್ಕ್ರೂಡ್ರೈವರ್ ಸಾಕು. ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ, ತುದಿಯನ್ನು ಎಂಜಿನ್ ಮೇಲೆ ಇಡಿ. ಬೆಲ್ಟ್ ಇರುವ ಬದಿಗೆ ಮಾತ್ರ ಹೋಗಬೇಡಿ. ಮೊದಲು ವಾಲ್ವ್ ಕವರಿನ ಬೋಲ್ಟುಗಳ ಮೇಲೆ ಒಂದೊಂದಾಗಿ, ಆಮೇಲೆ ಎಂಜಿನ್ ಬ್ಲಾಕಿನ ಬದಿಗೆ. ಕೆಳಗಿನ ಆಯಿಲ್ ಚೇಂಬರಿಗೆ ಕೈ ಎಟುಕಿದರೆ ಅಲ್ಲಿಗೂ ಇಡಿ. ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ. ಎಲ್ಲಿ ಜೋರಾಗಿದೆಯೋ ಅದರ ಹತ್ತಿರವೇ ಮೂಲ.

ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳ ಮೇಲೆ ಇಟ್ಟಾಗ ಚುರುಕಾದ ಟಿಕ್ ಟಿಕ್ ಕೇಳುತ್ತದೆ. ಗಾಬರಿ ಬೇಡ, ಅದು ಅವುಗಳ ಕೆಲಸದ ಸದ್ದು. ಎಲ್ಲವೂ ಒಂದೇ ಥರ ಇವೆಯೇ ಎಂದಷ್ಟೇ ನೋಡಿ. ಆಲ್ಟರ್ನೇಟರ್ ಅಥವಾ ಎಸಿ ಪುಲ್ಲಿ ಕಡೆ ಅನುಮಾನ ಬಂದರೆ ಮೆಕ್ಯಾನಿಕ್ ಕೈಲಿ ಬೆಲ್ಟ್ ತೆಗೆಸಿ ಅರ್ಧ ನಿಮಿಷ ಎಂಜಿನ್ ಓಡಿಸಿ ನೋಡಿ. ಸದ್ದು ನಿಂತರೆ ದೋಷ ಎಂಜಿನ್ ಒಳಗಿಲ್ಲ. ಕವರ್ ಒಳಗಿದ್ದು ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್ ಬೇರೆ, ಅದನ್ನು ಮುಟ್ಟಬಾರದು. ಅನೇಕ ಕಾರುಗಳಲ್ಲಿ ವಾಟರ್ ಪಂಪ್ ಕೂಡ ಹೊರಗಿನ ಬೆಲ್ಟಿನಿಂದಲೇ ತಿರುಗುತ್ತದೆ. ಹಾಗಾಗಿ ಅರ್ಧ ನಿಮಿಷ ಅಂದರೆ ಅರ್ಧ ನಿಮಿಷವೇ.

ಎಗ್ಸಾಸ್ಟ್ ಲೀಕ್ ಕಣ್ಣಿಗೇ ಕಾಣುತ್ತದೆ. ಮ್ಯಾನಿಫೋಲ್ಡ್ ಎಂಜಿನ್ನಿಗೆ ಸೇರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲಿಂದ ಹೊಗೆ ಹೊರಗೆ ಚಿಮ್ಮುತ್ತಿದೆ. ಹಳೇ ಕಾರುಗಳಲ್ಲಿ ಅದನ್ನು ಬಿಗಿದಿರುವ ಸ್ಟಡ್ ತುಂಡಾಗಿರುವುದೂ ಉಂಟು. ಹಾಗೇ ಸ್ಪಾರ್ಕ್ ಪ್ಲಗ್‌ಗಳ ಬಿಗಿ ನೋಡಿ. ಸಡಿಲ ಪ್ಲಗ್ ಕೂಡ ಟ್ಯಾಪೆಟ್ ಥರವೇ ಸದ್ದು ಮಾಡಿ ಮೋಸ ಮಾಡುತ್ತದೆ.

ಟ್ಯಾಪೆಟ್ ಎಂದೇ ಆದರೆ

ಮೊದಲು ನಿಮ್ಮ ಎಂಜಿನ್ ಯಾವ ಬಗೆಯದು ತಿಳಿಯಿರಿ. ಮಾರುತಿ 800ರಂಥ ಎಂಜಿನ್‌ನಲ್ಲಿ ರಾಕರ್ (ವಾಲ್ವನ್ನು ಒತ್ತುವ ಸಣ್ಣ ತೋಳು) ತುದಿಯಲ್ಲಿ ಸ್ಕ್ರೂ ಇದೆ, ತಿರುಗಿಸಿ ರಾಕರಿಗೂ ವಾಲ್ವಿಗೂ ನಡುವಿನ ಗ್ಯಾಪ್ ಸರಿಮಾಡಬಹುದು. ಹಿಂದಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲೂ ಹಾಗೇ. ಸ್ವಿಫ್ಟ್‌ನಲ್ಲಿ ಬಂದ 1.3 ಲೀಟರ್ ಡೀಸೆಲ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಅಂದರೆ ಆಯಿಲ್ ಪ್ರೆಶರ್‌ನಿಂದ ಗ್ಯಾಪನ್ನು ತಾನೇ ಮುಚ್ಚಿಕೊಳ್ಳುವಂಥದ್ದು. ಅಲ್ಲಿ ಹೊಂದಿಸಲು ಏನೂ ಇಲ್ಲ. ಆಯಿಲ್ ಸರಿಯಿದ್ದೂ ಸದ್ದು ಬಂದರೆ ಬದಲಿಸಬೇಕು.

ಸ್ಕ್ರೂ ಇರುವ ಎಂಜಿನ್ನಿಗೆ ಬೇಕಾದದ್ದು ಒಂದು ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಪಟ್ಟಿಗಳ ಸೆಟ್. ಪೆಟ್ರೋಲ್ ಕಾರುಗಳಲ್ಲಿ ಗ್ಯಾಪ್ ಹೆಚ್ಚಾಗಿ 0.15ರಿಂದ 0.3 ಮಿ.ಮೀ. ಒಳಗೆ ಇರುತ್ತದೆ. ನಿಮ್ಮ ಕಾರಿನ ಸರಿಯಾದ ಅಳತೆ, ಎಂಜಿನ್ ತಣ್ಣಗಿರಬೇಕೋ ಬಿಸಿಯಿರಬೇಕೋ ಎಂಬುದು ಸರ್ವಿಸ್ ಪುಸ್ತಕದಲ್ಲಿದೆ. ಅಳೆಯುವ ಸಿಲಿಂಡರಿನ ಪಿಸ್ಟನ್ ಕಂಪ್ರೆಷನ್‌ನ (ಗಾಳಿ, ಪೆಟ್ರೋಲ್ ಒತ್ತುವ ಹಂತದ) ತುದಿಯಲ್ಲಿದ್ದು, ಎರಡೂ ವಾಲ್ವ್ ಮುಚ್ಚಿರುವಾಗ ಗೇಜಿನ ಪಟ್ಟಿಯನ್ನು ಸಂದಿಗೆ ಹಾಕಿ ಎಳೆಯುತ್ತಾರೆ. ಪುಸ್ತಕದ ಹಾಳೆಗಳ ನಡುವೆ ಇಟ್ಟ ನವಿಲುಗರಿಯನ್ನು ಮೆಲ್ಲಗೆ ಎಳೆದ ಹಾಗೆ ಬರಬೇಕು. ಜಾರಿಬಿಟ್ಟರೆ ಸಡಿಲ, ಕಚ್ಚಿಕೊಂಡರೆ ಬಿಗಿ. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಒಂದಿಷ್ಟು ತಿರುಗಿಬಿಡುತ್ತದೆ. ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು.

ಗ್ಯಾಪ್ ಸರಿಮಾಡಿದ ಮೇಲೂ ಸದ್ದು ಹೋಗದಿದ್ದರೆ ಸ್ಕ್ರೂವಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿಸಿ. ಲಕ್ಷ ಕಿಲೋಮೀಟರ್ ಬಡಿದೂ ಬಡಿದೂ ಅಲ್ಲಿ ಸಣ್ಣ ಗುಳಿ ಬಿದ್ದಿರುತ್ತದೆ. ಗೇಜಿನ ಪಟ್ಟಿ ನೇರ ಇರುವುದರಿಂದ ಗುಳಿಯ ಅಂಚುಗಳ ಮೇಲೆ ಕೂರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಅಳತೆ ಸರಿ ಬರುತ್ತದೆ, ನಿಜವಾದ ಗ್ಯಾಪ್ ಜಾಸ್ತಿಯೇ ಉಳಿಯುತ್ತದೆ. ‘ಎರಡು ಸಲ ಟ್ಯಾಪೆಟ್ ಮಾಡಿಸಿದೆ, ಹೋಗಲಿಲ್ಲ’ ಅನ್ನುವವರು ಇದನ್ನೊಮ್ಮೆ ನೋಡಿಸಬೇಕು.

ಸದ್ದು ಪೂರ್ತಿ ಅಡಗಲಿ ಎಂದು ಬಿಗಿ ಮಾಡಿಸುವುದು ಮಾತ್ರ ಬೇಡವೇ ಬೇಡ. ಸಡಿಲ ಟ್ಯಾಪೆಟ್ ಕೂಗುತ್ತದೆ, ಬಿಗಿ ಟ್ಯಾಪೆಟ್ ಸುಮ್ನೆ ಇದ್ದುಕೊಂಡೇ ವಾಲ್ವ್ ಸುಡುತ್ತದೆ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದು ಹೆಚ್ಚಾಗಿ ತನ್ನ ಸೀಟಿನ (ಮುಚ್ಚಿದಾಗ ವಾಲ್ವ್ ಕೂರುವ ಉಂಗುರ) ಮೇಲೆ ಪೂರ್ತಿ ಕೂತಾಗಲೇ. ಕೂರಲು ಬಿಡದಿದ್ದರೆ ಅದರ ಅಂಚು ಸುಟ್ಟು ಕಂಪ್ರೆಷನ್ ಹೋಗುತ್ತದೆ. ಎಲ್‌ಪಿಜಿ, ಸಿಎನ್‌ಜಿ ಕಿಟ್ ಹಾಕಿಸಿದ ಹಳೇ ಕಾರುಗಳಲ್ಲಿ ಸೀಟು ಬೇಗ ಸವೆದು ಗ್ಯಾಪ್ ತಾನಾಗಿ ಕಡಿಮೆಯಾಗುತ್ತಾ ಬರುತ್ತದೆ. ಅಂಥ ಕಾರು ಸದ್ದಿಲ್ಲದೆ ಓಡುತ್ತಿದ್ದರೂ ಗ್ಯಾಪ್ ಅಳತೆ ಮಾಡಿಸುತ್ತಿರಬೇಕು.

ಇಲ್ಲಿಗೆ ನಿಲ್ಲಿಸಿ, ಟೋ ಮಾಡಿಸಿ

ಎರಡು ಸದ್ದುಗಳಿಗೆ ಕಾಯುವ ಹಾಗಿಲ್ಲ. ಮೊದಲನೆಯದು ಎಂಜಿನ್ನಿನ ಬೆಲ್ಟ್ ಬದಿಯ ಕವರ್ ಒಳಗಿಂದ ಬರುವ ಸರಪಳಿ ಉಜ್ಜಿದ ಸದ್ದು. ಟೈಮಿಂಗ್ ಬೆಲ್ಟ್ ಬದಲು ಟೈಮಿಂಗ್ ಚೈನ್ ಇರುವ ಎಂಜಿನ್‌ನಲ್ಲಿ ಚೈನ್ ಉದ್ದವಾದಾಗ, ಇಲ್ಲವೇ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸೋತಾಗ ಇದು ಬರುತ್ತದೆ. ಚೈನ್ ಹಲ್ಲು ತಪ್ಪಿದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗಿಹೋಗುತ್ತದೆ.

ಎರಡನೆಯದು ಬಿಗ್ ಎಂಡ್ ಬಡಿತ. ಇದು ಟಿಕ್ ಅಲ್ಲ. ಕೆಳಗಿನಿಂದ ಬರುವ ಭಾರವಾದ ಟೊಕ್ ಟೊಕ್. ಆಕ್ಸಿಲರೇಟರ್ ಒತ್ತಿದಾಗ, ಒತ್ತಿ ಬಿಟ್ಟಾಗ ಎದ್ದು ಕೇಳುತ್ತದೆ. ಖಚಿತ ಮಾಡಿಕೊಳ್ಳಲು ಮೆಕ್ಯಾನಿಕ್ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ನೋಡುತ್ತಾರೆ. ಒಂದು ಸಿಲಿಂಡರ್ ನಿಂತಾಗ ಸದ್ದು ಮೆತ್ತಗಾದರೆ ದೋಷ ಆ ಸಿಲಿಂಡರಿನ ಪಿಸ್ಟನ್ ಅಥವಾ ಕನೆಕ್ಟಿಂಗ್ ರಾಡಿನಲ್ಲಿದೆ. ಟ್ಯಾಪೆಟ್ ಸದ್ದಾದರೆ ಹೆಚ್ಚೇನೂ ಬದಲಾಗುವುದಿಲ್ಲ. ಪ್ಲಗ್ ವಯರ್ ಎಳೆದು ಈ ಪರೀಕ್ಷೆ ಮಾಡಲು ಬಿಡಬೇಡಿ. ಶಾಕ್ ಹೊಡೆಯುತ್ತದೆ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ.

ಎಂಜಿನ್ ಬಿಚ್ಚಲು ಒಪ್ಪುವ ಮೊದಲು ಎರಡು ಕೆಲಸ ಕೇಳಿ ಮಾಡಿಸಿ. ಒಂದು, ಎಂಜಿನ್ ಓಡಿಸುವ ಸ್ಥಿತಿಯಲ್ಲಿದ್ದರೆ ಗೇಜ್ ಹಾಕಿ ಆಯಿಲ್ ಪ್ರೆಶರ್ ಅಳೆಸುವುದು. ಬಿಸಿ ಎಂಜಿನ್‌ನಲ್ಲಿ ನಿಮಿಷದ ಪ್ರತಿ 1000 ಸುತ್ತಿಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಇರಬೇಕು ಎಂಬುದು ಮೆಕ್ಯಾನಿಕ್‌ಗಳ ರೂಢಿ ಲೆಕ್ಕ. ಇನ್ನೊಂದು, ಹಳೇ ಆಯಿಲನ್ನು ಬಿಳಿ ಪಾತ್ರೆಗೆ ಇಳಿಸಿ ಬಿಸಿಲಲ್ಲಿ ನೋಡುವುದು. ಅಯಸ್ಕಾಂತಕ್ಕೆ ಅಂಟುವ ಚೂರು ಉಕ್ಕಿನದು. ಅಂಟದೆ ಹೊಳೆಯುವ ಪುಡಿ ಬೇರಿಂಗಿನದಿರಬಹುದು. ಬೇರಿಂಗಿನ ಬದಲಿಸಬಹುದಾದ ತೆಳು ಲೋಹದ ಪಟ್ಟಿ (ಶೆಲ್) ಅಷ್ಟೇ ಸವೆದಿರುವಾಗ ಹಿಡಿದರೆ ಶೆಲ್ ಬದಲಿಸಿ ಮುಗಿಸಬಹುದು. ಹಾಗೇ ಓಡಿಸಿ ಕ್ರ್ಯಾಂಕ್ ಗೀಚಿಹೋದರೆ ಗ್ರೈಂಡಿಂಗಿಗೆ ಕಳಿಸಬೇಕು. ರಾಡ್ ಮುರಿದು ಬ್ಲಾಕ್ ಒಡೆದರೆ ಆ ಎಂಜಿನ್ ಗುಜರಿಗೆ.

ದಪ್ಪ ಆಯಿಲ್ ಹಾಕಿ, ಬಾಟಲಿ ಔಷಧಿ ಸುರಿದು ಸದ್ದು ಅಡಗಿಸುವ ಸಲಹೆಯೂ ಬರುತ್ತದೆ. ಸವೆದ ಭಾಗ ಅದರಿಂದ ಸರಿಯಾಗುವುದಿಲ್ಲ, ಸುದ್ದಿ ಕೊಡುವ ಸದ್ದು ಮಾತ್ರ ಕಡಿಮೆಯಾಗುತ್ತದೆ. ಹಳೇ ಕಾರು ಮಾರುವವರಲ್ಲಿ ಕೆಲವರು ಇದನ್ನೇ ಮಾಡುತ್ತಾರೆ. ಕೊಳ್ಳಲು ಹೋದವರು ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಆಗಲೇ ಬೆಚ್ಚಗಿದ್ದರೆ ತಣ್ಣಗಿದ್ದಾಗಿನ ಸದ್ದು ನಿಮಗೆ ಕೇಳಿಸದು. ಮಾರನೇ ದಿನ ಬೆಳಿಗ್ಗೆ ಬರುತ್ತೇನೆ, ನನ್ನೆದುರೇ ಸ್ಟಾರ್ಟ್ ಮಾಡಿ ಎಂದು ಹೇಳಿ ಬನ್ನಿ.