ಓರೆ ಮಸೆದ ದಬ್ಬಣ ಮತ್ತು ಲಪೋತ್ರನ ಬಳ್ಳಿ

17ನೆಯ ಶತಮಾನದ ಪ್ಯಾರಿಸ್ಸಿನ ಅಲಂಕಾರ ವಿನ್ಯಾಸಕಾರ ಝಾನ್ ಲಪೋತ್ರ್ ಮಾಡಿದ, ಅಕಾಂಥಸ್ ಎಂಬ ಗಿಡದ ಎಲೆಗಳ ಬಳ್ಳಿಯ ಪಟ್ಟಿಯೊಂದನ್ನು ತಾಮ್ರದ ಪ್ಲೇಟಿನ ಮೇಲೆ ಅದೇ ಗೆರೆಗಳಲ್ಲಿ ಮರಳಿ ತರುತ್ತೇನೆಂದಾಗ, ಸಣ್ಣಗೆ ಹೊರಟು ನಡುವೆ ಉಬ್ಬಿ ಮತ್ತೆ ಸಣ್ಣಗಾಗುವ ಗೆರೆ ತಾಮ್ರವನ್ನು ನೇರವಾಗಿ ಕೆತ್ತುವ ಬ್ಯೂರಿನ್ ಉಳಿಗೆ ಮಾತ್ರ ಒಲಿಯುತ್ತದೆ, ಪ್ಲೇಟಿಗೆ ಬಳಿದ ಪದರವನ್ನು ಸೂಜಿಯಲ್ಲಿ ಗೀಚಿ ಗೆರೆಗಳನ್ನು ರಾಸಾಯನಿಕದಿಂದ ತಿನ್ನಿಸುವ ಎಚ್ಚಿಂಗಿನಲ್ಲಿ ಬಾರದು ಎಂದು ಜೊತೆಯವರು ಕೈಬಿಡಲು ಹೇಳಿದರು. ಆದರೆ ಮರಗೆತ್ತನೆಯವರಿಗೂ ಗಾರೆಯವರಿಗೂ ಮಾದರಿಯಾಗಲೆಂದು ಲಪೋತ್ರ್ ಹೊರತಂದ ಎರಡು ಸಾವಿರಕ್ಕೂ ಹೆಚ್ಚು ಪ್ಲೇಟುಗಳಲ್ಲಿ ಬಹುಪಾಲು ಎಚ್ಚಿಂಗ್‌ಗಳೇ; ನನ್ನ ಹಟಕ್ಕೆ ಅದೇ ಆಧಾರ.

ದಾರಿ ಸಿಕ್ಕಿದ್ದು ಎಶಾಪ್‌ನಲ್ಲಿ, ಅಂದರೆ ಎಚ್ಚಿಂಗ್ ಕಲಾವಿದ ಝಾಕ್ ಕಾಲೋ ಬಳಸಿದ, 1645ರಲ್ಲಿ ಇನ್ನೊಬ್ಬ ಕಲಾವಿದ ಅಬ್ರಹಾಂ ಬಾಸ್ ವಿವರವಾಗಿ ಬರೆದಿಟ್ಟ, ತುದಿಯನ್ನು ಓರೆಯಾಗಿ ಮಸೆದ ಸೂಜಿಯಲ್ಲಿ. ಗೋಣಿ ಹೊಲಿಯುವ ದಬ್ಬಣವನ್ನೇ ಸಾಣೆಗಲ್ಲಿಗೆ ಹಿಡಿದು ಅದನ್ನು ಮಾಡಿಕೊಂಡೆ. ಬೆರಳುಗಳ ನಡುವೆ ತುಸು ಹೊರಳಿಸಿದರೆ ಸಾಕು, ಗೆರೆ ಎಲೆಯ ಬೆನ್ನಿನಲ್ಲಿ ತುಂಬಿಕೊಂಡು ತುದಿಯಲ್ಲಿ ಕೂದಲೆಳೆಯಾಗುತ್ತದೆ. ನಾವು ದಿನವೂ ಬಳಸುವ ಮೇಣದ ಗ್ರೌಂಡ್, ಅಂದರೆ ಪ್ಲೇಟಿಗೆ ಬಳಿಯುವ ರಕ್ಷಣೆಯ ಪದರ, ಮಾತ್ರ ಇದಕ್ಕೆ ಹರಿದುಹೋಗುತ್ತದೆ; ಅಗಸೆ ಎಣ್ಣೆ ಮತ್ತು ರೂಮಿ ಮಸ್ತಕಿ ಎಂಬ ಮರದ ಅಂಟು ಕಾಯಿಸಿದ ಗಟ್ಟಿ ವಾರ್ನಿಷ್ಷೇ ಬೇಕು, ಅದನ್ನು ಬಳಿದ ಪ್ಲೇಟನ್ನು ಒಲೆಯ ಮೇಲೆ ಕಾಯಿಸಿ ಗಟ್ಟಿ ಮಾಡಬೇಕು.

ಹಣ ಹೋದದ್ದು ಇಲ್ಲಿಯೇ. ಎಂಟು ಇಂಚು ಅಗಲ ಹನ್ನೆರಡು ಇಂಚು ಉದ್ದದ, ತಲಾ ಸುಮಾರು 650 ಗ್ರಾಂ ತೂಗುವ ಮೂರು ಪ್ಲೇಟುಗಳು ಹಾಳಾದವು, ಮಸ್ತಕಿಗೆ ತಾಮ್ರಕ್ಕಿಂತಲೂ ಹೆಚ್ಚು ತೆತ್ತೆ. ಮೊದಲನೆಯದನ್ನು ಇದ್ದಿಲ ಒಲೆಯ ಮೇಲಿಂದ ಬೇಗ ಇಳಿಸಿದ್ದರಿಂದ ಗ್ರೌಂಡ್ ಅಂಟಂಟಾಗಿ ಉಳಿದು ದಬ್ಬಣಕ್ಕೆ ಮೆತ್ತಿಕೊಂಡಿತು. ಎರಡನೆಯದು ಹೆಚ್ಚು ಸುಟ್ಟು, ತಾಮ್ರವನ್ನು ತಿನ್ನುವ ಫೆರಿಕ್ ಕ್ಲೋರೈಡಿನಲ್ಲಿ ಎಲೆಗಳ ತುದಿಯಿಂದಲೇ ಹಪ್ಪಳದಂತೆ ಎದ್ದುಬಂತು. ಮೂರನೆಯದರಲ್ಲಿ ಬೆರಳಿನ ಜಿಡ್ಡು ಉಳಿದಿದ್ದ ಒಂದು ಮೂಲೆ ಪೂರ್ತಿ ತಿಂದುಹೋಯಿತು. ಗ್ರೌಂಡ್ ಗಟ್ಟಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದಾಗ ಇಳಿಸಬೇಕು ಎಂಬಷ್ಟನ್ನು ಹೇಳುತ್ತೇನೆ, ಎಣ್ಣೆ ಮತ್ತು ಮಸ್ತಕಿಯ ಅಳತೆಯನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.



ನಾಲ್ಕನೆಯ ಪ್ಲೇಟನ್ನು ಫೆರಿಕ್ ಕ್ಲೋರೈಡಿನಲ್ಲಿ ಮುಖ ಕೆಳಗೆ ಮಾಡಿ, ನೆನಪಿರುವಂತೆ ಹನ್ನೆರಡು ನಿಮಿಷ ಬಿಟ್ಟು, ಹಿನ್ನೆಲೆಯ ಗೆರೆಗಳನ್ನು ಇನ್ನೂ ಆಳವಾಗದಂತೆ ಮುಚ್ಚಿದೆ. ಮತ್ತೆ ಇಪ್ಪತ್ತು ನಿಮಿಷ ಬಿಟ್ಟು ಎಲೆಗಳ ಹೊಳಪಿನ ಭಾಗ ಮುಚ್ಚಿದೆ. ಕೊನೆಗೆ ನೆರಳಿಗಾಗಿಯೇ ಅರ್ಧ ಗಂಟೆ ಕೊಟ್ಟೆ. ಪ್ಲೇಟಿನ ಚಿತ್ರ ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ, ಹಳೆಯ ಕಾಲದ ನಕಲುಗಾರರ ಎಷ್ಟೋ ಪ್ರತಿಗಳಲ್ಲಿ ಚಿತ್ರ ತಿರುಗಿರುತ್ತದೆ. ನಾನು ಟ್ರೇಸಿಂಗ್ ಕಾಗದವನ್ನು ಮಗುಚಿ ಹಾಕಿದ್ದರಿಂದ ನನ್ನ ಬಳ್ಳಿ ಮೂಲದ ದಿಕ್ಕಿಗೇ ಹೊರಳಿದೆ. ಪರೀಕ್ಷೆಗೆಂದು ತೆಗೆದ ಮೊದಲ ಅಚ್ಚನ್ನು ಮೂಲದ ಫೋಟೊ ಪಕ್ಕಕ್ಕಿಟ್ಟಾಗ, ಬಾರದು ಎಂದವರೇ ಭೂತಗನ್ನಡಿ ಹಿಡಿದು ಉಬ್ಬಿದ ಗೆರೆಗಳನ್ನು ಒಂದೊಂದಾಗಿ ನೋಡಿದರು.