ಕೈಲ್ ಪೋಳ್ದ್‌ಗೆ ಮುನ್ನ ಜೋಡುನಳಿಗೆ ಕೋವಿ ಸ್ವಚ್ಛ ಮಾಡುವುದು ಹೇಗೆ?

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೋಳ್ದ್, ಅಂದರೆ ಸೆಪ್ಟೆಂಬರ್ 3, ಹತ್ತಿರ ಬಂದ ಹಾಗೆ ಕೊಡಗಿನ ಮನೆಗಳಲ್ಲಿ ಕೋವಿ ಕೆಳಗಿಳಿಯುತ್ತದೆ, ಜೊತೆಗೆ ಎಮರಿ ಕಾಗದವೂ ಹೊರಬರುತ್ತದೆ. ಆ ಕಾಗದವನ್ನು ಮೊದಲು ಒಲೆಗೆ ಹಾಕಿ. ತುಕ್ಕು ತೆಗೆಯುತ್ತೇವೆಂದು ನಳಿಗೆಯ ಕಪ್ಪುನೀಲಿ ಲೇಪವನ್ನೇ ಕೆರೆದುಹಾಕಿದರೆ ಮುಂದಿನ ಮುಂಗಾರಿಗೆ ಬೋಳು ಉಕ್ಕು ಉಳಿಯುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ತುಕ್ಕಿನಿಂದ ವಿನಾಯಿತಿ ಕೊಡುವವರು ಯಾರೂ ಇಲ್ಲ.

ಇಲ್ಲಿ ಹೇಳುವುದು 12 ಬೋರಿನ ತೋಟಾಕೋವಿಯ ಮಾತು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯ ಕರಿಮದ್ದಿನ ಮಸಿಗೆ ಬಿಸಿನೀರೇ ಬೇಕು, ಅದರ ಕ್ರಮ ಬೇರೆ.

ಮೊದಲು ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಕೋವಿಯನ್ನು ಕೀಲಿನಲ್ಲಿ ಮಡಚಿ ತೆರೆದು, ತೋಟಾ ಕೂರುವ ಎರಡೂ ಗೂಡುಗಳನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ‘ಖಾಲಿ ಉಂಟು’ ಎಂದು ಮನೆಯ ಹಿರಿಯರೇ ಕೈಗೆ ಕೊಟ್ಟರೂ ಇದನ್ನು ಬಿಡಬೇಡಿ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ಗೋಡೆಯ ಮೇಲಿದ್ದ ಕೋವಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದು. ಅದನ್ನು ನೋಡದೆ ಗುಂಡು ಹಾರಿಸಿದರೆ ನಳಿಗೆ ಸಿಡಿಯಬಹುದು.

ಮುಂದಿನ ಕೈಯಲ್ಲಿ ಹಿಡಿಯುವ, ನಳಿಗೆಯಡಿಯ ಮರದ ತುಂಡನ್ನು ತೆಗೆದು ನಳಿಗೆಗಳನ್ನು ಬೇರ್ಪಡಿಸಿ.

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಬಾಯಿಯ ಕಡೆಯಿಂದ ಚಿಂದಿ ತುರುಕಿ ನಾಲ್ಕು ಸಲ ಎಳೆದು, ಒಳಗೆ ಹೊಳೆಯಿತೆಂದು ಎದ್ದುಬಿಡುತ್ತಾರೆ. ಕೊಳೆ ಕೂತಿರುವುದು ಹಿಂಬದಿಯಲ್ಲಿ. ತೋಟಾ ಕೂರುವ ಗೂಡು ಮುಗಿದು ನಳಿಗೆ ಸಪೂರವಾಗುವ ಜಾಗದಲ್ಲಿ ಸೀಸವೂ ತೋಟಾದ ಪ್ಲಾಸ್ಟಿಕ್ಕೂ ಮಾಸಲು ಬೂದುಬಣ್ಣದ ಗೆರೆಗಳಾಗಿ ಅಂಟಿರುತ್ತವೆ. ನಳಿಗೆಯನ್ನು ಕಿಟಕಿಗೆ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಕಾಣುತ್ತದೆ, ನೇರ ನೋಡಿದರೆ ಕಾಣುವುದಿಲ್ಲ. ಕೋವಿ ಸಾಲ್ವೆಂಟ್‌ನಲ್ಲಿ ಅದ್ದಿದ ಚಿಂದಿಯನ್ನು ಹಿಂಬದಿಯಿಂದಲೇ ತಳ್ಳಿ, ಹದಿನೈದು ನಿಮಿಷ ನೆನೆಯಲು ಬಿಡಿ. ಬಳಿಕ ಗಜಕ್ಕೆ (ನಳಿಗೆ ಉಜ್ಜುವ ಕೋಲಿಗೆ) ಹಿತ್ತಾಳೆ ಬ್ರಷ್ ಸಿಕ್ಕಿಸಿ ಒಂದು ತುದಿಯಿಂದ ಇನ್ನೊಂದು ತುದಿಯಾಚೆಗೆ ಪೂರ್ತಿ ದಾಟಿಸಿ, ಆಮೇಲಷ್ಟೇ ವಾಪಸ್ ಎಳೆಯಿರಿ. ನಡುವಿನಲ್ಲೇ ದಿಕ್ಕು ಬದಲಿಸಿದರೆ ಬ್ರಷ್ಷಿನ ಎಳೆಗಳು ಮಡಚಿಕೊಂಡು ಕೆಡುತ್ತವೆ. ಚಿಂದಿ ಬಿಳಿಯಾಗಿ ಹೊರಬರುವ ತನಕ ಇದೇ ಕೆಲಸ. ಚಿಂದಿಗೆ ಹಳೆಯ ಫ್ಲಾನೆಲ್ ಅಂಗಿಯೇ ಚೆನ್ನ.

ಚಿಂದಿ ಕೆಂಪಗೆ ಬಂದರೆ ಅದು ತುಕ್ಕು. ಕೋವಿ ಎಣ್ಣೆ ಸವರಿ ರಾತ್ರಿಯಿಡೀ ಬಿಡಿ. ಮಾರನೆಯ ದಿನ ಹಳೆಯ ಬ್ರಷ್ಷಿಗೆ ಅತಿ ನುಣುಪಿನ, ‘0000’ ಗುರುತಿನ ಉಕ್ಕಿನ ನಾರು ಸುತ್ತಿ ಎಣ್ಣೆಯೊಂದಿಗೇ ಉಜ್ಜಿ. ಪಾತ್ರೆ ತಿಕ್ಕುವ ನಾರು ಬೇಡವೇ ಬೇಡ. ಒಳಗೆ ಆಳವಾದ ಗುಳಿಗಳು ಕಂಡರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಕೋವಿ ರಿಪೇರಿಯವರು ನೋಡುವ ತನಕ ಗುಂಡು ಹಾಕಬೇಡಿ.

ಖಾಲಿ ತೋಟಾ ಹೊರಬರುತ್ತಿಲ್ಲವೆಂದು ಚಾಕುವಿನಿಂದ ಮೀಟುವವರಿದ್ದಾರೆ. ಗೂಡಿನ ಒಳಮೈ ಒರಟಾಗಿರುವುದೇ ಹೆಚ್ಚಾಗಿ ಅದಕ್ಕೆ ಕಾರಣ, ಮೇಲಿನಂತೆ ಅಲ್ಲೂ ಉಜ್ಜಿದರೆ ಸರಿಹೋಗುತ್ತದೆ. ಕೋವಿ ಪೂರ್ತಿ ಮುಚ್ಚುತ್ತಿಲ್ಲವೇ? ಮೊಣಕಾಲಿಗೆ ಒತ್ತಿ ಬಲ ಹಾಕಬೇಡಿ. ತೋಟಾವನ್ನು ಮೇಲೆತ್ತುವ ಎಕ್ಸ್‌ಟ್ರಾಕ್ಟರ್‌ನ ಅಡಿಯಲ್ಲಿ ಒಂದು ಮದ್ದಿನ ಹರಳು ಸಿಕ್ಕಿಕೊಂಡರೂ ಹಾಗಾಗುತ್ತದೆ. ಹಳೆಯ ಟೂತ್‌ಬ್ರಷ್ ಸಾಕು.

ಎಣ್ಣೆಯ ವಿಷಯ. ತೆಂಗಿನೆಣ್ಣೆ ನಮ್ಮ ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ಅಂಗಡಿಯ ಸ್ಪ್ರೇ ಡಬ್ಬಿಗಳು ನೀರು ಓಡಿಸಲು ಸರಿ, ಮಳೆಗಾಲವಿಡೀ ಕಾಯಲು ಸಾಲವು. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯೇ ನನ್ನ ಆಯ್ಕೆ. ತೆಳುವಾಗಿ ಸವರಿದರಾಯಿತು. ಕುದುರೆಯ (ಟ್ರಿಗರ್‌ನ) ಒಳಭಾಗದ ಸ್ಕ್ರೂಗಳಿಗೆ ಮಾತ್ರ ಕೈಹಾಕಬೇಡಿ. ಹಳೆಯ ಇಂಗ್ಲಿಷ್ ಕೋವಿಗಳ ಸ್ಕ್ರೂ ಗೀರು ಕೂದಲಿನಷ್ಟು ಸಪೂರ, ಮನೆಯ ಸ್ಕ್ರೂಡ್ರೈವರ್ ಅದನ್ನು ಒಂದೇ ತಿರುವಿಗೆ ಹಾಳುಮಾಡುತ್ತದೆ. ಭುಜಕ್ಕೆ ಒತ್ತುವ ಬಟ್ಟಿನ ಮರಕ್ಕೆ ಮೂರು ಹನಿ ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ಹಾಕಿ, ಬಿಸಿಯಾಗುವ ಹಾಗೆ ತಿಕ್ಕಿ.

ಪೂಜೆಯ ದಿನ ನಳಿಗೆಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂವನ್ನು, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಗುರಿ ಹಿಡಿಯುವ ಮುನ್ನ ತೆಗೆದು, ಹಿಂಬದಿಯಿಂದ ಇನ್ನೊಮ್ಮೆ ಇಣುಕಿ. ತೊಟ್ಟಿನ ಚೂರೂ ಒಳಗುಳಿಯಬಾರದು. ಕುದುರೆ ಎಳೆದರೂ ಗುಂಡು ಹಾರದಿದ್ದರೆ ಬಾಯಿಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆಯಿರಿ. ತೋಟಾದ ಹಿಂಬದಿಯ ಕೇಪಿನ ಮೇಲೆ ಗುಳಿ ಚೆನ್ನಾಗಿ ಬಿದ್ದಿದ್ದರೆ ದೋಷ ತೋಟಾದ್ದು, ಹೆಚ್ಚಾಗಿ ತೇವ ಹಿಡಿದಿರುತ್ತದೆ. ಬರೇ ಗೀರಿದಂತಿದ್ದರೆ ದೋಷ ಕೋವಿಯದು, ರಿಪೇರಿಗೆ ಕೊಡಿ.

ಕೋವಿಯನ್ನು ಚರ್ಮದ ಚೀಲದಲ್ಲಿಡಬೇಡಿ, ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೀರುವಿನಲ್ಲಿ ಬಾಯಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಮರಕ್ಕೆ ಇಳಿಯದು. ಒಳಗಿಡುವ ಮುನ್ನ ಗಂಧ, ಕುಂಕುಮವನ್ನು ಒರೆಸಿಬಿಡಿ, ಒದ್ದೆ ಗಂಧದ ಕೆಳಗೇ ತುಕ್ಕು ಶುರುವಾಗುತ್ತದೆ. ಹಬ್ಬಕ್ಕೆ ಬಂದ ನೆಂಟರೆಲ್ಲ ಮುಟ್ಟಿ ನೋಡಿದ ಮೇಲಂತೂ ಎಣ್ಣೆ ಬಟ್ಟೆ ಆಡಿಸದೆ ಬಾಗಿಲು ಹಾಕಬೇಡಿ. ಪಂದಿ ಕರಿ ತಿಂದ ಕೈಯ ಉಪ್ಪು ಉಕ್ಕಿಗೆ ಆಗಿಬರುವುದಿಲ್ಲ.